ಕಪ್ಪು ಮನೆ, ಬಿಳಿ ಮನೆ

ಎಗೊನ್ ನವ್ರಾತಿಲ್ ಮಾಡಿದ ತಪ್ಪು ಇಷ್ಟೆ: ತನ್ನ ಕಛೇರಿಗೆ ಬಂದ ಪುಕ್ಕಟೆ ಟಿಕೆಟ್ಟುಗಳನ್ನು ವಠಾರದವರಿಗೆ ಹಂಚಿಬಿಟ್ಟ.

ಹಂಚದೆ ಇನ್ನೇನು ಮಾಡಬೇಕಿತ್ತು ಎಂದು ಕೇಳಿದರೆ ನನ್ನಲ್ಲೂ ಉತ್ತರವಿಲ್ಲ. ಅವನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ಅಕ್ಕನೊಬ್ಬಳು ಲಿಂಟ್ಸ್ ಊರಿನಲ್ಲಿದ್ದಾಳೆ. ಸಂಗೀತ ಕೇಳಿದರೆ ಅವಳಿಗೆ ತಲೆನೋವು. ವಠಾರದವರಾದರೋ ವರ್ಷಗಟ್ಟಲೆ ಅವನ ಪಿಯಾನೊ ಸಹಿಸಿಕೊಂಡವರು. ವಿಯೆನ್ನಾದಲ್ಲಿ ಸಂಗೀತ ಬೇಡ ಎನ್ನುವವರು ಯಾರೂ ಇಲ್ಲ, ನಿಜ. ಆದರೆ ಸಂಗೀತ ಬೇರೆ, ಅಭ್ಯಾಸ ಬೇರೆ. ಪಿಯಾನೊದವನು ಮನೆಯಲ್ಲಿ ಕೃತಿಯನ್ನು ಪೂರ್ತಿ ನುಡಿಸುವುದು ಅಪರೂಪ; ಬೆರಳು ಎಡವುವ ನಾಲ್ಕು ಸಾಲನ್ನೇ ಹಿಡಿದು ಬೆಳಗಿನಿಂದ ಅರೆಯುತ್ತಾನೆ. ಹೀಗಾಗಿ ಆ ವಠಾರದವರ ಪಾಡು ಹೋಟೆಲಿನ ಅಡುಗೆಮನೆಯ ಪಕ್ಕ ಸಂಸಾರ ಹೂಡಿ, ಈರುಳ್ಳಿ ಹೆಚ್ಚುವ ಸದ್ದನ್ನು ಮಾತ್ರ ಕೇಳುತ್ತಾ ಒಂದು ತುತ್ತನ್ನೂ ಕಾಣದವರ ಪಾಡಾಗಿತ್ತು.

ಈ ಸಲದ ಕಛೇರಿ ಎಂದಿನಂಥದ್ದಲ್ಲ. ಎಗೊನ್ ಜೀವಮಾನವಿಡೀ ಪಕ್ಕವಾದ್ಯದವನು. ಹಾಡುವವರ ಹಿಂದೆ, ಪರೀಕ್ಷೆಗೆ ಬಂದ ಕೊಳಲಿನ ಹುಡುಗಿಯರ ಹಿಂದೆ, ಬ್ಯಾಲೆ ಶಾಲೆಯಲ್ಲಿ ಹಾರುವ ಕಾಲುಗಳ ಹಿಂದೆ ಕೂತು ನುಡಿಸಿ ನುಡಿಸಿ ಅವನ ತಲೆ ಬೆಳ್ಳಗಾಗಿತ್ತು. ಪೋಸ್ಟರಿನಲ್ಲಿ ಅವನ ಹೆಸರು ಅಚ್ಚುಕೂಟದ ಹೆಸರಿಗಿಂತ ಒಂದು ಗೆರೆ ಮೇಲಿರುತ್ತಿತ್ತು, ಅದೂ ಜಾಗ ಉಳಿದಿದ್ದರೆ. ಈಗ ಊರಿನ ಹೆಸರಾಂತ ಶ್ಟಾಂಗ್ಲ್ ಟ್ರಿಯೊದಲ್ಲಿ ಪಿಯಾನೊ ನುಡಿಸುತ್ತಿದ್ದವರು ಭುಜನೋವೆಂದು ನಿವೃತ್ತರಾಗಿದ್ದರು. ಟ್ರಿಯೊ ಎಂದರೆ ಪಿಟೀಲು, ಅದರ ದೊಡ್ಡಣ್ಣನಂಥ ಚೆಲ್ಲೊ, ಪಿಯಾನೊ. ಮೂವರೂ ಸರಿಸಮ, ಯಾರ ಹಿಂದೆ ಯಾರೂ ಇಲ್ಲ. ಇವತ್ತು ಸಂಜೆ ಅವರ ಜೊತೆ ಎಗೊನ್ ನುಡಿಸಬೇಕು. ಸರಿಹೋದರೆ ಆ ಜಾಗ ಕಾಯಮ್ಮಾಗಿ ಅವನದು. ಸರಿಹೋಗದಿದ್ದರೆ ಮತ್ತೆ ಬ್ಯಾಲೆ ಶಾಲೆ.

ಬೆಳಿಗ್ಗೆ ಬಾಗಿಲು ತೆರೆದರೆ ವಠಾರದಲ್ಲಿ ಸದ್ದೇ ಇಲ್ಲ. ಕಟ್ಟಡ ನೋಡಿಕೊಳ್ಳುವ ಫ್ರೌ ಕ್ರಾಲ್, ಅಂದರೆ ಕ್ರಾಲಮ್ಮ, ಬರಿಗಾಲಲ್ಲಿ ಮೆಟ್ಟಿಲು ತೊಳೆಯುತ್ತಿದ್ದಳು. ಸದ್ದಾಗದಿರಲೆಂದು ಬಕೆಟ್ಟಿನ ಹಿಡಿಗೆ ಹಳೆಯ ಕಾಲುಚೀಲ ಸುತ್ತಿದ್ದಳು.

"ಶ್! ಮೆತ್ತಗೆ ಇಳೀರಿ ಪ್ರೊಫೆಸರ್ರೇ," ಎಂದಳು. ಎಗೊನ್ ಯಾವ ಕಾಲೇಜಿನ ಪ್ರೊಫೆಸರೂ ಅಲ್ಲ. ಆದರೆ ನಮ್ಮೂರಲ್ಲಿ ಕನ್ನಡಕ ಹಾಕಿದವರೆಲ್ಲ ಡಾಕ್ಟರು, ಪಿಯಾನೊ ಮುಟ್ಟಿದವರೆಲ್ಲ ಪ್ರೊಫೆಸರು.

"ಯಾಕೆ ಫ್ರೌ ಕ್ರಾಲ್, ಯಾರಿಗಾದ್ರೂ ಹುಷಾರಿಲ್ವಾ?"

"ನಿಮಗೋಸ್ಕರ ಕಣ್ರೀ! ಸಂಜೆ ಕಛೇರಿ ಇಟ್ಕೊಂಡು ಗಲಾಟೆ ಕಿವಿಗೆ ಬೀಳಬಾರ್ದು. ಎರಡನೇ ಮಹಡಿ ಕೂಸಿಗೂ ಹೇಳ್ಬಿಟ್ಟಿದೀನಿ, ಅಳೋದಿದ್ರೆ ನಾಳೆ ಅಳು ಅಂತ."

ಅಷ್ಟರಲ್ಲಿ ಎದುರು ಮನೆಯ ಡಾಕ್ಟರಮ್ಮ ಹೊರಗೆ ಬಂದರು. ತೀರಿಕೊಂಡ ಗಂಡ ಹಲ್ಲಿನ ಡಾಕ್ಟರು. ಅವರು ಕಿತ್ತ ಹಲ್ಲುಗಳ ಗೌರವವೆಲ್ಲ ಈಗ ಈಕೆಗೆ ಸಲ್ಲುತ್ತಿತ್ತು. ಕೈಯಲ್ಲಿ ಹೆಬ್ಬಾತಿನ ಕೊಬ್ಬಿನ ಡಬ್ಬಿ.

"ಎಲ್ಲಿ, ಕೈ ಕೊಡಿ. ಬೆರಳು ಹಗುರಾಗತ್ತೆ."

"ಬೇಡ ಡಾಕ್ಟರಮ್ಮ, ರಿಹರ್ಸಲ್ಲಿಗೆ ಹೊತ್ತಾಯ್ತು..."

"ನಿಮ್ಮ ಕೈ ಈಗ ನಿಮ್ಮೊಬ್ಬರದಲ್ಲ, ಇಡೀ ವಠಾರದ್ದು. ಸುಮ್ನೆ ಕೊಡಿ ಅಂದ್ರೆ!"

ಮೊಣಕೈವರೆಗೆ ಕೊಬ್ಬು ಸವರಿಸಿಕೊಂಡ ಎಗೊನ್ ಮೆಟ್ಟಿಲ ಕಟಕಟೆ ಹಿಡಿಯಹೋಗಿ, ಹಿಡಿತ ಜಾರಿ, ಕೆಳಗಿನ ಮಹಡಿಯ ಹೋಫ್ರಾಟ್ ಪೆಲಿಕಾನರ ಎದೆಗೆ ಹೋಗಿ ಆತುಕೊಂಡ. ಹೋಫ್ರಾಟ್ ಎನ್ನುವುದು ದೊರೆಗಳ ಕಾಲದ ಬಿರುದು. ದೊರೆಗಳು ಹೋಗಿ ಎಷ್ಟೋ ಕಾಲವಾದರೂ ಬಿರುದು ಮಾತ್ರ ಪಿಂಚಣಿಯ ಬೆನ್ನಿಗೆ ಬರುತ್ತಲೇ ಇದೆ. ಹೋಫ್ರಾಟರು ಅವನ ಚೀಲ ಕಸಿದುಕೊಂಡು, "ಇವತ್ತು ನೀವು ಭಾರ ಎತ್ತೋ ಹಾಗಿಲ್ಲ," ಎಂದು ಟ್ರಾಮಿನವರೆಗೂ ಹೊತ್ತರು. ದಾರಿಯುದ್ದಕ್ಕೂ, ಸಂಜೆಯ ಕೃತಿಯಲ್ಲಿ ಎಗೊನ್ ವರ್ಷಗಟ್ಟಲೆ ಅರೆದ ಆ ನಾಲ್ಕು ಸಾಲನ್ನು ಶಿಳ್ಳೆ ಹಾಕುತ್ತಾ ನಡೆದರು. ಒಂದು ಸ್ವರವೂ ಅತ್ತಿತ್ತ ಆಗಲಿಲ್ಲ. ಎಗೊನನ ಎದೆ ತುಂಬಿ ಬಂತು. ತನ್ನ ಅಭ್ಯಾಸ ಇಷ್ಟು ವರ್ಷ ಗೋಡೆಯ ಪಾಲಾಯಿತು ಎಂದುಕೊಂಡಿದ್ದನಲ್ಲ, ಗೋಡೆಯ ಆ ಕಡೆ ಒಬ್ಬರು ಕಲಿತೇಬಿಟ್ಟಿದ್ದರು!

ರಿಹರ್ಸಲ್ಲಿನಲ್ಲಿ ಎಲ್ಲ ನಯವಾಗಿ ನಡೆಯಿತು, ಆ ನಾಲ್ಕು ಸಾಲು ಬರುವವರೆಗೆ. ಚೆಲ್ಲೊದ ಶ್ಟಾಂಗ್ಲ್ ಕಮಾನು ಮೇಲೆತ್ತಿ ನಿಲ್ಲಿಸಿದ. ಆ ಮನುಷ್ಯ ನಕ್ಕರೂ ಸುಂಕದ ಕಟ್ಟೆಯವನ ಹಾಗೆ ಕಾಣುತ್ತಿದ್ದ.

"ಅದೇನು ನುಡಿಸಿದ್ರಿ ನವ್ರಾತಿಲ್?"

"ಬರೆದಿರೋದನ್ನೇ."

"ಇಲ್ಲ. ಕೊನೇಲಿ ಕಪ್ಪು ಮನೆ ಒತ್ತಿದ್ರಿ. ಅಲ್ಲಿರೋದು ಬಿಳಿ ಮನೆ." ಶ್ಟಾಂಗ್ಲ್ ಹೊಸ ಮುದ್ರಣದ ಪ್ರತಿಯನ್ನು ಮೂಗಿನ ಕೆಳಗೆ ಹಿಡಿದ. ಹೌದು, ಅದರಲ್ಲಿ ಕೊನೆಯ ಸ್ವರಕ್ಕೆ ಪಿಯಾನೊದ ಬಿಳಿ ಮನೆಯೇ ಇತ್ತು.

"ನಮ್ಮ ಮೇಷ್ಟ್ರು ಹೀಗೇ ಹೇಳ್ಕೊಟ್ಟಿದ್ದು," ಎಂದ ಎಗೊನ್ ಮೆಲ್ಲಗೆ. "ಚಿಕ್ಕಂದಿನಿಂದ ಹೀಗೇ... ಕಿವಿಗೂ ಇದೇ ಹಿತ ಅನ್ಸತ್ತೆ."

"ನಿಮ್ಮ ಮೇಷ್ಟ್ರು ಇದಾರಾ?"

"ಇಲ್ಲ, ತೀರ್ಕೊಂಡು ತುಂಬಾ ವರ್ಷ ಆಯ್ತು."

"ಹಾಗಾದ್ರೆ ಅವ್ರು ಹೊಸ ಮುದ್ರಣ ನೋಡಿಲ್ಲ. ಇದನ್ನ ಶೋಧಿಸಿ ಪ್ರಕಟಿಸಿದ ಡಾಕ್ಟರ್ ಲಿಂಟ್ನರ್ ಅವರೇ ಸಂಜೆ ಬರ್ತಿದಾರೆ. ಅವರ ಮುಂದೆ ಆ ಕಪ್ಪು ಮನೆ ಕೇಳಿಸ್ತೋ, ನಾಳೆ ನಾನು ಬೇರೆಯವರನ್ನ ಹುಡುಕ್ಕೋತೀನಿ."

ಪಿಟೀಲಿನ ಗಿಸೆಲಾ ಸಮಾಧಾನ ಹೇಳಿದಳು. "ಅದಕ್ಕೇನು ನವ್ರಾತಿಲ್, ಪಕ್ಕದ ಮನೇನೇ ತಾನೇ! ಬೆರಳು ಇಷ್ಟು ಸರಿಸಿದ್ರೆ ಆಯ್ತು."

ಪಿಟೀಲಿನವರು ಹೀಗೆ ಸುಲಭವಾಗಿ ಹೇಳುತ್ತಾರೆ. ಬಾಲ್ಯದಿಂದ ಒಂದೇ ಕಡೆ ಬಿದ್ದು ಅಭ್ಯಾಸವಾದ ಬೆರಳನ್ನು ಸರಿಸುವುದೆಂದರೆ, ಮುದಿ ಕುದುರೆಗೆ ದಾರಿಯಲ್ಲಿ ಲಾಯ ಬದಲಾಯಿಸಲು ಹೇಳಿದ ಹಾಗೆ. ಎಗೊನ್ ಊಟ ಮರೆತು ಮನೆಗೆ ಓಡಿದ. ಪಿಯಾನೊ ಮುಂದೆ ಕೂತ. ನಾಲ್ಕು ಸಾಲು, ಕೊನೆಗೆ ಬಿಳಿ. ಮತ್ತೆ ನಾಲ್ಕು ಸಾಲು, ಮತ್ತೆ ಬಿಳಿ. ಬೆರಳು ಕಪ್ಪಿನ ಕಡೆ ಹೊರಳಿದಾಗಲೆಲ್ಲ ಎಡಗೈಯಿಂದ ಬಲಗೈಗೆ ಒಂದು ಕೊಟ್ಟ.

ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಕಿಟಕಿ ತೆರೆದ ಸದ್ದು. ಹೋಫ್ರಾಟರು ಆ ಸಾಲನ್ನು ಜೋರಾಗಿ ಶಿಳ್ಳೆ ಹಾಕಿ ತಾವು ಬಲ್ಲ ಕಪ್ಪು ಮನೆಯ ಸ್ವರದಲ್ಲೇ ನಿಲ್ಲಿಸಿದರು. ಎಗೊನ್ ಬಿಳಿ ಒತ್ತಿದ. ಹೋಫ್ರಾಟರು ಮತ್ತೆ ಶಿಳ್ಳೆ ಹಾಕಿದರು. ಎಗೊನ್ ಮತ್ತೆ ಬಿಳಿ ಒತ್ತಿದ. ಮೂರನೆಯ ಸಲಕ್ಕೆ ಬಾಗಿಲು ಬಡಿಯಿತು. ಹೋಫ್ರಾಟರು, ಡಾಕ್ಟರಮ್ಮ, ಫ್ರೌ ಕ್ರಾಲ್ ಮೂವರೂ ನಿಂತಿದ್ದರು.

"ಪ್ರೊಫೆಸರ್ರೇ, ತಪ್ಪಾಗ್ತಿದೆ," ಎಂದರು ಹೋಫ್ರಾಟರು, ಸಾವಿನ ಸುದ್ದಿ ತಿಳಿಸುವವರ ದನಿಯಲ್ಲಿ.

"ತಪ್ಪಲ್ಲ ಹೋಫ್ರಾಟ್, ಇದೇ ಸರಿ. ಇಷ್ಟು ದಿನ ನುಡಿಸ್ತಿದ್ದದ್ದು ತಪ್ಪು."

ಮೂವರೂ ಮುಖ ಮುಖ ನೋಡಿಕೊಂಡರು. ಡಾಕ್ಟರಮ್ಮ ಮುಂದೆ ಬಂದು ಅವನ ಹಣೆ ಮುಟ್ಟಿ ನೋಡಿದರು. "ಬಿಸಿ ಇದೆ. ನಮ್ಮೆಜಮಾನ್ರ ಹತ್ರ ಹಲ್ಲು ಕೀಳಿಸ್ಕೊಳ್ಳೋಕೆ ಬಂದೋರೂ ಹೀಗೇ ಬಡಬಡಿಸ್ತಿದ್ರು. ಹೆದರಿಕೆ."

"ನನಗೇನೂ ಹೆದರಿಕೆ ಇಲ್ಲ! ಹೊಸ ಮುದ್ರಣದಲ್ಲಿ ಬಿಳಿ ಮನೆ ಅಂತಿದೆ."

"ಹೊಸದ್ರಲ್ಲಿ ಏನಾದ್ರೂ ಇರ್ಲಿ," ಎಂದಳು ಫ್ರೌ ಕ್ರಾಲ್. "ನಾನು ಇದನ್ನ ಕೇಳ್ತಾ ಎಷ್ಟು ಸಲ ಈ ಮೆಟ್ಲು ತೊಳ್ದಿದೀನಿ ಗೊತ್ತಾ ನಿಮಗೆ? ಆ ಕೊನೇ ಸ್ವರ ಬಂದಾಗ ನಾನು ಬಟ್ಟೆ ಹಿಂಡ್ತೀನಿ. ಇವತ್ತು ಹಿಂಡಕ್ಕೇ ಆಗ್ಲಿಲ್ಲ! ಬಟ್ಟೆ ಹಿಡ್ಕೊಂಡು ಹಾಗೇ ನಿಂತ್ಬಿಟ್ಟೆ!"

"ಹೀಗೆ ನುಡಿಸ್ತಾ ಹೋದ್ರೆ ಇರೋದೂ ಮರೆತುಹೋಗತ್ತೆ," ಎಂದು ಹೋಫ್ರಾಟರು ತೀರ್ಪು ಕೊಟ್ಟರು. "ಫ್ರೌ ಕ್ರಾಲ್, ಮುಚ್ಚಳ."

ಎಗೊನ್ ಬೆರಳು ಎಳೆದುಕೊಳ್ಳುವಷ್ಟರಲ್ಲಿ ಪಿಯಾನೊದ ಮುಚ್ಚಳ ಬಿತ್ತು. ಬೀಗ ತಿರುಗಿತು, ಕೀಲಿ ಫ್ರೌ ಕ್ರಾಲಳ ಏಪ್ರನ್ನಿನ ಜೇಬು ಸೇರಿತು. "ಸಂಜೆ ಕಛೇರಿ ಮುಗಿದ್ಮೇಲೆ ಕೊಡ್ತೀನಿ. ನಿಮ್ಮ ಒಳ್ಳೇದಕ್ಕೇ."

ಬಾಗಿಲು ಮುಚ್ಚಿದ ಮೇಲೆ ಎಗೊನ್ ಅಡುಗೆಮನೆಯ ಮೇಜಿನ ಮೇಲೆ ಸೀಮೆಸುಣ್ಣದಿಂದ ಮನೆಗಳನ್ನು ಗೀಚಿಕೊಂಡು ಅದರ ಮೇಲೇ ನುಡಿಸತೊಡಗಿದ. ಸದ್ದಿಲ್ಲದ ಪಿಯಾನೊಗೆ ಯಾರ ಅಡ್ಡಿ? ಆದರೆ ಲಿವರಿನ ಉಂಡೆ ಹಾಕಿದ ಸಾರು ಹಿಡಿದು ಡಾಕ್ಟರಮ್ಮ ಒಳಗೆ ಬಂದರು. ಖಾಲಿ ಮೇಜಿನ ಮೇಲೆ ಬೆರಳಾಡಿಸುತ್ತಾ, "ಬಿಳಿ, ಬಿಳಿ, ಬಿಳಿ" ಎಂದು ಗೊಣಗುತ್ತಿದ್ದವನನ್ನು ಕಂಡು ಸಾರಿನ ಬಟ್ಟಲು ಅಲ್ಲೇ ಇಟ್ಟರು. ಮರುಕ್ಷಣದಲ್ಲಿ ಅವನ ಎರಡೂ ಕೈ ಬಿಸಿನೀರಿನ ಟವೆಲ್ಲಿನಲ್ಲಿ ಕಟ್ಟಿಹಾಕಲ್ಪಟ್ಟವು. ಸಾರನ್ನು ಅವರೇ ಚಮಚದಿಂದ ಕುಡಿಸಿದರು.

ಕೈ ಬಿಡುಗಡೆಯಾದದ್ದು ಟ್ರಾಮಿನಲ್ಲಿ. ಮೂವರೂ ಸೇರಿ ತೊಡಿಸಿದ ಕಛೇರಿಯ ಕರಿ ಕೋಟಿನಲ್ಲಿ ಅವನು ಕೂತಿದ್ದ; ಎಡಕ್ಕೆ ಹೋಫ್ರಾಟರು, ಬಲಕ್ಕೆ ಡಾಕ್ಟರಮ್ಮ, ಎದುರಿಗೆ ಹಬ್ಬದ ಟೋಪಿ ಧರಿಸಿದ ಫ್ರೌ ಕ್ರಾಲ್. ಎಗೊನ್ ಕೋಟಿನ ಮರೆಯಲ್ಲಿ ತೊಡೆಯ ಮೇಲೆ ಅಭ್ಯಾಸ ಶುರುಮಾಡಿದ. ಟ್ರಾಮ್ ತಿರುವಿನಲ್ಲಿ ವಾಲಿತು. ಕೊನೆಯ ಬಿಳಿ ಮನೆ ಡಾಕ್ಟರಮ್ಮನ ಮೊಣಕಾಲ ಮೇಲೆ ಬಿತ್ತು.

"ಪ್ರೊಫೆಸರ್ರೇ!"

"ಕ್ಷಮಿಸಿ, ಕ್ಷಮಿಸಿ. ಕೈ ಜಾರ್ತು."

"ಇರ್ಲಿ ಬಿಡಿ," ಎಂದರು ಡಾಕ್ಟರಮ್ಮ, ಕೆಂಪಾದ ಮುಖವನ್ನು ಕಿಟಕಿಯತ್ತ ತಿರುಗಿಸಿ. "ಆದ್ರೆ ಅದೂ ತಪ್ಪು ಜಾಗವೇ."

ಸಭಾಂಗಣ ತುಂಬಿತ್ತು. ನಮ್ಮಲ್ಲಿ ಕಛೇರಿಯ ನಡುವೆ ಕೆಮ್ಮಬೇಕಾದರೂ ಒಂದು ಭಾಗ ಮುಗಿಯುವವರೆಗೆ ತಡೆದುಕೊಳ್ಳುತ್ತಾರೆ. ಅಂಥ ಮೌನದಲ್ಲಿ ಟ್ರಿಯೊದ ಮೂವರೂ ಶುರುಮಾಡಿದರು. ಎಗೊನ್ ಆವತ್ತು ನುಡಿಸಿದ್ದನ್ನು ಹೇಗೆ ಹೇಳಲಿ? ಪಿಟೀಲು ಒಂದು ಮಾತು ಕೇಳಿದರೆ ಪಿಯಾನೊ ಉತ್ತರ ಕೊಟ್ಟಿತು. ಚೆಲ್ಲೊ ನಿಟ್ಟುಸಿರಿಟ್ಟರೆ ಪಿಯಾನೊ ಬೆನ್ನು ಸವರಿತು. ಯಾರ ಹಿಂದೆಯೂ ಬಾಗದೆ, ಯಾರ ಕಾಲು ನೆಲಕ್ಕೆ ಇಳಿಯಲೆಂದೂ ಕಾಯದೆ ಅವನು ನುಡಿಸಿದ. ನಾಲ್ಕನೆಯ ಸಾಲಿನಲ್ಲಿ ಕೂತ ವಠಾರದವರು ಮೊದಲ ಬಾರಿಗೆ ಇಡೀ ಊಟ ಉಣ್ಣುತ್ತಿದ್ದರು. ಫ್ರೌ ಕ್ರಾಲಳ ಟೋಪಿಯ ಗರಿ ಹೆಮ್ಮೆಯಿಂದ ನಡುಗುತ್ತಿತ್ತು. "ನಮ್ಮ ವಠಾರದವರು," ಎಂದು ಹೋಫ್ರಾಟರು ಪಕ್ಕದವರಿಗೆ ಎರಡು ಸಲ ಪಿಸುಗುಟ್ಟಿದ್ದರು.

ಆಗ ಆ ನಾಲ್ಕು ಸಾಲು ಬಂತು. ವಠಾರದ ಮೂವರೂ ಕುರ್ಚಿಯ ಅಂಚಿಗೆ ಸರಿದರು. ಸಾಲು ಏರಿತು, ಹೊರಳಿತು, ಇಳಿಯಿತು. ಎಗೊನ್ ಕೊನೆಯ ಬೆರಳಿಟ್ಟ. ಬಿಳಿ!

"ಅಯ್ಯೋ ಯೇಸು ಮರಿಯಾ, ಹೋಯ್ತು!" ಎಂದಳು ಫ್ರೌ ಕ್ರಾಲ್. ಡಾಕ್ಟರಮ್ಮನ ಬಾಯಿಂದ ಹಲ್ಲು ಕಿತ್ತಂಥ ನರಳಾಟ ಹೊರಟಿತು. ಸಭೆಯ ತಲೆಗಳೆಲ್ಲ ಗಾಳಿಗೆ ಸಿಕ್ಕ ಗೋಧಿ ಹೊಲದಂತೆ ಅತ್ತ ತಿರುಗಿ, ಮತ್ತೆ ಎಗೊನನತ್ತ ತಿರುಗಿದವು. ಏನೋ ದೊಡ್ಡ ತಪ್ಪಾಗಿದೆ ಎಂದು ಎಲ್ಲರಿಗೂ ಖಚಿತವಾಯಿತು. ಏನೆಂದು ಮಾತ್ರ ಯಾರಿಗೂ ತಿಳಿಯಲಿಲ್ಲ.

ಕೃತಿಯಲ್ಲಿ ಆ ನಾಲ್ಕು ಸಾಲು ಇನ್ನೊಮ್ಮೆ ಬರುತ್ತವೆ. ಕಪ್ಪು ಒತ್ತಿದರೆ ವಠಾರ ಉಳಿಯುತ್ತದೆ, ಟ್ರಿಯೊ ಹೋಗುತ್ತದೆ. ಬಿಳಿ ಒತ್ತಿದರೆ ಟ್ರಿಯೊ ಉಳಿಯುತ್ತದೆ, ಇಡೀ ಊರಿನ ಮುಂದೆ ಮಾನ ಹೋಗುತ್ತದೆ. ಸಾಲು ಹತ್ತಿರ ಬಂದಾಗ ಹೋಫ್ರಾಟರಿಗೆ ತಡೆಯಲಾಗಲಿಲ್ಲ. ಎಡವಿದವನಿಗೆ ಕೈಕೊಡುವವರಂತೆ, ತೀರ ಮೆಲ್ಲಗೆ, ಆ ಸ್ವರವನ್ನು ಮುಂಚಿತವಾಗಿಯೇ ಶಿಳ್ಳೆ ಹಾಕಿ ಎಳೆದು ಹಿಡಿದರು.

ಎಗೊನ್ ತಲೆಯೆತ್ತಿದ. ಜೀವಮಾನವಿಡೀ ಬೇರೆಯವರು ಎಳೆದ ಕಡೆ ಹೋದವನು ಅವನು. ಇವತ್ತು ಹೋಗಲಿಲ್ಲ. ತೋಳಿನ ಬಲವೆಲ್ಲ ಕೂಡಿಸಿ ಬಿಳಿ ಮನೆಯನ್ನು ಒತ್ತಿದ. ಶಿಳ್ಳೆಯ ಕಪ್ಪೂ ಪಿಯಾನೊದ ಬಿಳಿಯೂ ಒಂದಕ್ಕೊಂದು ಡಿಕ್ಕಿ ಹೊಡೆದು, ಬಾಗಿಲ ಸಂದಿಗೆ ಬಾಲ ಸಿಕ್ಕ ಬೆಕ್ಕಿನಂಥ ಸದ್ದು ಸಭಾಂಗಣದ ಮಾಡಿಗೆ ಬಡಿಯಿತು.

ಆದರೂ ಚಪ್ಪಾಳೆ ಬಂತು, ಜೋರಾಗಿಯೇ ಬಂತು. ಒಳಗಿನ ಕೋಣೆಗೆ ಬಂದದ್ದೇ ಶ್ಟಾಂಗ್ಲ್ ಅವನನ್ನು ತಬ್ಬಿಕೊಂಡ.

"ಎರಡು ಸಲವೂ ಬಿಳಿ! ಎದುರಿಗೆ ಆ ಹುಚ್ಚರು ಕೂತು ಕಿರುಚ್ತಿದ್ರೂ ಬಿಳಿ! ನವ್ರಾತಿಲ್, ಈ ಜಾಗ ನಿಮ್ಮದು. ಗಿಸೆಲಾ, ನಾಳೆ ಪೋಸ್ಟರಿಗೆ ಹೇಳಿಬಿಡು, ಮೂರೂ ಹೆಸರು ಒಂದೇ ಅಳತೇಲಿ."

ಒಂದೇ ಅಳತೆ! ಅಚ್ಚುಕೂಟದ ಹೆಸರು ಎಗೊನನಿಗೆ ಎಲ್ಲೋ ಪಾತಾಳದಲ್ಲಿ ಕಾಣಿಸಿತು.

ಬಾಗಿಲು ತೆರೆಯಿತು. ಕಣ್ಣೊರೆಸಿಕೊಳ್ಳುತ್ತಾ ವಠಾರದ ಮೂವರು ಒಳಬಂದರು. "ಬೇಜಾರ್ ಮಾಡ್ಕೋಬೇಡಿ ಪ್ರೊಫೆಸರ್ರೇ, ಉಳಿದಿದ್ದೆಲ್ಲ ಬಂಗಾರ," ಎಂದಳು ಫ್ರೌ ಕ್ರಾಲ್. ಅವರ ಹಿಂದೆಯೇ ತೆಳ್ಳಗಿನ ಮುದುಕರೊಬ್ಬರು ಬಂದರು. ಶ್ಟಾಂಗ್ಲ್ ನೆಟ್ಟಗೆ ನಿಂತ. ಡಾಕ್ಟರ್ ಲಿಂಟ್ನರ್.

"ಶಿಳ್ಳೆ ಹಾಕಿದ್ದು ಯಾರು?" ಎಂದು ಕೇಳಿದರು.

"ಸ್ವಾಮಿ, ನಾನು," ಎಂದು ಹೋಫ್ರಾಟರು ಟೋಪಿ ತೆಗೆದರು. "ದಂಡ ಕಟ್ಟೋದಿದ್ರೆ ಕಟ್ತೀನಿ."

ಲಿಂಟ್ನರ್ ಹೋಫ್ರಾಟರ ಎರಡೂ ಕೈ ಹಿಡಿದುಕೊಂಡರು. "ದಂಡವಾ! ಅಲ್ರೀ, ಆ ಸ್ವರ ಹೊಸ ಮುದ್ರಣದಲ್ಲಿ ತಪ್ಪಾಗಿ ಅಚ್ಚಾಗಿದೆ. ಅದು ಕಪ್ಪು ಮನೆಯೇ. ಮೊನ್ನೆ ಮೂಲಪ್ರತಿ ಮತ್ತೆ ತೆಗೆದು ನೋಡ್ದಾಗ ನನಗೇ ಗೊತ್ತಾಗಿದ್ದು. ನಾಚಿಕೆಗೆ ಯಾರಿಗೂ ಹೇಳಿರ್ಲಿಲ್ಲ. ಇಡೀ ಊರಲ್ಲಿ ಯಾರೂ ಕಂಡುಹಿಡಿಯಲ್ಲ ಅಂದ್ಕೊಂಡಿದ್ದೆ. ನಿಮಗೆ ಹೇಗೆ ತಿಳೀತು?"

ಹೋಫ್ರಾಟರು ಎದೆ ಉಬ್ಬಿಸಿದರು. "ನಮ್ಮನೇಲಿ ಅದನ್ನ ಹಾಗೇ ನುಡಿಸೋದು ಸ್ವಾಮಿ."

"ಇವ್ರೇ ನುಡಿಸೋದು," ಎಂದು ಫ್ರೌ ಕ್ರಾಲ್ ಎಗೊನನನ್ನು ಮುಂದೆ ತಳ್ಳಿದಳು. "ದಿನಾ! ಒಂದಿನ ತಪ್ಪಿದ್ದಿಲ್ಲ. ಇವತ್ತೊಂದು ಬಿಟ್ಟು."

ಲಿಂಟ್ನರ್ ಅಚ್ಚರಿಯಿಂದ ಎಗೊನನತ್ತ ನೋಡಿದರು. "ನಿಮಗೆ ಗೊತ್ತಿತ್ತಾ? ಮತ್ತೆ ಇವತ್ತು ಯಾಕೆ ಹಾಗೆ ನುಡಿಸಿದ್ರಿ?"

ಎಗೊನ್ ಶ್ಟಾಂಗ್ಲನನ್ನು ನೋಡಿದ. ಶ್ಟಾಂಗ್ಲ್ ಕಮಾನಿನ ಕೂದಲನ್ನು ಒಂದೊಂದಾಗಿ ಪರೀಕ್ಷಿಸುತ್ತಿದ್ದ. ಅವನ ಕಿವಿ ಕೆಂಪಾಗಿತ್ತು. ಜೊತೆಯಲ್ಲಿ ನುಡಿಸುವವರನ್ನು ಸಭೆಯಲ್ಲಿ ಬಿಟ್ಟುಕೊಡಬಾರದು ಎನ್ನುವುದು ಎಗೊನ್ ಜೀವನವಿಡೀ ಕಲಿತ ಒಂದೇ ಪಾಠ. ಈಗಂತೂ ತಾನು ಟ್ರಿಯೊದವನು.

"ಕೈ ತಪ್ಪಿತು ಡಾಕ್ಟರೇ," ಎಂದ.

"ಎರಡು ಸಲವೂ?"

"ಎರಡು ಸಲವೂ."

ಲಿಂಟ್ನರ್ ಕನಿಕರದಿಂದ ತಲೆಯಾಡಿಸಿ, ಹೋಫ್ರಾಟರ ತೋಳು ಹಿಡಿದು ಕಾಫಿಗೆ ಕರೆದೊಯ್ದರು. ಡಾಕ್ಟರಮ್ಮನೂ ಫ್ರೌ ಕ್ರಾಲಳೂ ಮೆರವಣಿಗೆಯಂತೆ ಹಿಂಬಾಲಿಸಿದರು.

ಶ್ಟಾಂಗ್ಲ್ ನಿಧಾನವಾಗಿ ಚೆಲ್ಲೊವನ್ನು ಪೆಟ್ಟಿಗೆಗಿಟ್ಟ. "ನಿಮ್ಮ ಉಪಕಾರ ಮರೆಯಲ್ಲ ನವ್ರಾತಿಲ್," ಎಂದ. "ದೊಡ್ಡ ಮನಸ್ಸು ನಿಮ್ಮದು."

"ಅದಕ್ಕೇನಂತೆ. ಮುಂದಿನ ರಿಹರ್ಸಲ್ ಯಾವಾಗ?"

ಶ್ಟಾಂಗ್ಲ್ ಕೆಮ್ಮಿದ. "ನೋಡಿ... ನೀವೇ ಯೋಚ್ನೆ ಮಾಡಿ. ಅಷ್ಟು ದೊಡ್ಡ ವಿದ್ವಾಂಸರ ಮುಂದೆ, ಎರಡೆರಡು ಸಲ ಕೈ ತಪ್ಪಿತು ಅಂತ ನಿಮ್ಮ ಬಾಯಿಂದಲೇ ಒಪ್ಕೊಂಡ್ಬಿಟ್ರಿ. ನಾಳೆ ಊರಿಗೆಲ್ಲ ಗೊತ್ತಾಗತ್ತೆ. ಕೈ ತಪ್ಪೋವ್ರನ್ನ ಕಾಯಂ ಮಾಡ್ಕೊಂಡ್ರೆ ನಮ್ಮ ಟ್ರಿಯೊ ಮಾನ ಏನಾಗ್ಬೇಕು?"

ಮರುದಿನ ಬೆಳಿಗ್ಗೆ ಫ್ರೌ ಕ್ರಾಲ್ ಕೀಲಿ ತಂದುಕೊಟ್ಟಳು. ಬ್ಯಾಲೆ ಶಾಲೆಗೆ ಹೊರಡುವ ಮೊದಲು ಎಗೊನ್ ಪಿಯಾನೊ ಮುಂದೆ ಕೂತ. ಹೋದದ್ದು ಹೋಯಿತು, ತಾನು ಇಷ್ಟು ವರ್ಷ ಸರಿಯಾಗಿಯೇ ನುಡಿಸಿದ್ದೆನಲ್ಲ, ಅದನ್ನಾದರೂ ಒಮ್ಮೆ ತಲೆಯೆತ್ತಿ ನುಡಿಸೋಣ ಎನಿಸಿತು. ನಾಲ್ಕು ಸಾಲು ಏರಿತು, ಹೊರಳಿತು, ಇಳಿಯಿತು. ಬೆರಳು ಬಂದು ಬಿಳಿ ಮನೆಯ ಮೇಲೆ ಕೂತಿತು. ಅವನು ಮತ್ತೆ ನುಡಿಸಿದ. ಮತ್ತೆ ಬಿಳಿ. ಎಡಗೈಯಿಂದ ಬಲಗೈಗೆ ಹೊಡೆದ. ಆದರೂ ಬಿಳಿ.

ಕೆಳಗಿನ ಕಿಟಕಿ ತೆರೆಯಿತು. "ಹಾಗಲ್ಲ ಪ್ರೊಫೆಸರ್ರೇ, ಹೀಗೆ," ಎಂದು ಹೋಫ್ರಾಟರು ನಿಧಾನವಾಗಿ, ಬಿಡಿಸಿ ಬಿಡಿಸಿ ಶಿಳ್ಳೆ ಹಾಕಿದರು. ಎದುರು ಮನೆಯಿಂದ ಡಾಕ್ಟರಮ್ಮ ಮೇಜು ಕುಟ್ಟಿ ತಾಳ ಹಾಕಿದರು. ಎಗೊನ್ ಅವರ ಹಿಂದೆ ಹಿಂದೆ ಬೆರಳಿಡುತ್ತಾ ಹೋದ.

ಬೀದಿಯಲ್ಲಿ ಹೋಗುತ್ತಿದ್ದವರೊಬ್ಬರು ನಿಂತು ಮೇಲಕ್ಕೆ ನೋಡಿದರು. ಬಾಗಿಲಲ್ಲಿದ್ದ ಫ್ರೌ ಕ್ರಾಲ್ ಪೊರಕೆಯನ್ನು ನೆಲಕ್ಕೂರಿ, ಕತ್ತು ನೆಟ್ಟಗೆ ಮಾಡಿದಳು.

"ನಮ್ಮ ಪ್ರೊಫೆಸರ್ರು," ಎಂದಳು. "ನಾವೇ ಹೇಳ್ಕೊಡ್ತಿರೋದು."